ಕಡಾ ತಂದ ಚಾಳೀಸು

ನನ್ನ ನೋಡ್ಲಿಕ್ಕ ಬಂದ ದಿನ ಇವರ ಮೂಗಿನ ಮ್ಯಾಲ
ಚಾಳೀಸಿತ್ತು.
ವಯಸ್ಸು ಬರೇ ಇಪ್ಪತ್ನಾಕು.

ದುಧನಿ ಅಡತಿ ಸಾಲಿನ ಹಿಂದ ನಮ್ಮ ಮನಿ.
ತೊಗರಿ ಚೀಲ ಗ್ವಾಡಿಗೆ ಸರಿಸಿ ಜಮಖಾನಿ ಹಾಸಿದ್ರು.
'ಹುಡುಗ ಸೋಲಾಪುರದಾಗ, ಟಾವೆಲ್ ಕಾರಖಾನ್ಯಾಗ ರೈಟರ್'
ಅಂದಿದ್ದ ನಡುವ ನಿಂತ ಕಾಕಾ.
ರೈಟರ್ ಅಂದಮ್ಯಾಲ ಚಾಳೀಸು ಬ್ಯಾಡೇನು?
ಖರೇ ಹೇಳಬೇಕಂದ್ರ ಇವರು ಗಂಟು ಎಣಸವರು,
ಡಜನ್ನಿಗೊಂದು ಗೀಟು, ಗೀಟಿಗೊಂದು ಆಕಳಿಕಿ.

ಚಾಳೀಸು ಇವರ ಸೋದರಮಾವಂದು.
ಅದ ಇಲ್ಲದ ಆ ಮುದುಕ ಹಿತ್ತಲಕ್ಕ ಹೋಗಿ
ನಮ್ಮ ಕರೀ ಎಮ್ಮಿಗೆ ಕೈ ಮುಗದು
'ಆರಾಮ ಅದೀರೇನ್ರಿ ಬೀಗತಿ?' ಅಂದನಂತ.
ನಮ್ಮವ್ವ ಬಾಗಲ ಸಂದ್ಯಾಗ ನಿಂತು ಕೇಳಿಸಿಕೊಂಡಾಳ.
ಇವತ್ತಿಗೂ ಆ ಮನಿ ನೀರು ಕುಡಿಯೂದಿಲ್ಲ.

ನಾನೇನು ಸುಮ್ಮ ಕುಂತಿದ್ದಿಲ್ಲ ಬಿಡ್ರಿ.
ಸೀರಿ ವೈನಿದು, ಜುಮಕಿ ಚಿಗವ್ವಂದು.
'ಶೇಂಗಾದ ಹೋಳಿಗಿ ನಾನ ಮಾಡೀನಿ' ಅಂದೆ.
ಮಾಡಿದಾಕಿ ಓಣಿ ಮೂಲಿ ಶಾಂತವ್ವಕ್ಕ.
ನಾ ಮಾಡಿದ್ದು
ತಾಟಿಗೆ ಹಚ್ಚಿದ್ದಷ್ಟ.

'ಹುಡುಗಿ ಪಸಂದೇನಪಾ?' ಅಂದ್ರು ಹಿರ್ಯಾರು.
ಇವರು ನನ್ನ ಕಡೆ ತಿರಗಲಿಲ್ಲ.
ನಾಕು ಮಾರು ಆಚಿಗಿದ್ದ ಕಂಬದ ಕಡೆ ನೋಡಿ
ಮೆಲ್ಲಕ ನಕ್ಕು 'ಪಸಂದ' ಅಂದ್ರು.
ಕಂಬಕ್ಕ ನಾಚಿಕಿ ಬಂತೋ ಇಲ್ಲೋ,
ನನಗಂತೂ ಬಂತು.
ಎಂಥಾ ಮರ್ಯಾದಿ ಮನುಷ್ಯಾ,
ಹೆಣ್ಣಿನ ಮಾರಿ ನೆಟ್ಟಗ ನೋಡೂದಿಲ್ಲ ಅಂದಕೊಂಡೆ.

ಲಗ್ನಾಗಿ ಹೊಸ್ತಲಕ್ಕ ಬಂದಾಗ
ನಾದಿನಿಗೋಳು ಬಾಗಲಕ್ಕ ಅಡ್ಡ ನಿಂತು
'ಹೆಸರ ಹೇಳು ವೈನಿ, ಹೇಳಿದ್ರನ ಒಳಗ' ಅಂದ್ರು.
ಮೂರು ದಿನ ಬಾಯಿಪಾಠ ಮಾಡಿದ ಒಡಪು
ಆ ಹೊತ್ತಿನ್ಯಾಗ ಎಲ್ಲಿ ಹೋತೋ.
ಬಾಯಿಗೆ ಬಂದದ್ದು ಹೇಳೇಬಿಟ್ಟೆ:
'ತಾಟಿನ್ಯಾಗ ಹೋಳಿಗಿ, ಹೋಳಿಗಿ ಮ್ಯಾಲ ತುಪ್ಪ,
ಕಂಬ ನೋಡಿ ನಕ್ಕವರು ಮಲಕಾಜಪ್ಪ.'

ಎಂಟನೇ ದಿನಕ್ಕ 'ಅದ ಹೋಳಿಗಿ ಮಾಡು' ಅಂದ್ರು.
ಮಾಡಿದೆ.
ಒಂದು ತಿಂದ್ರು, ನೀರು ಕುಡದ್ರು,
ಮತ್ತ ನೀರು ಕುಡದ್ರು.
'ಸೋಲಾಪುರದ ನೀರ ಹಂಗ' ಅಂದ್ರು.
'ಹೌದ್ರಿ, ನೀರು' ಅಂದೆ.
'ಚಾಳೀಸು ಎಲ್ಲದರಿ?' ಅಂತ ನಾ ಕೇಳಿದ್ರ
'ಆಫೀಸಿನ್ಯಾಗ.'
'ಹೌದ್ರಿ, ಆಫೀಸು.'
ಹಿಂಗ ಎರಡು ಸುಳ್ಳು ಒಂದ ಚಾದರಿನ ಬುಡಕ
ಇಪ್ಪತ್ತೇಳು ವರ್ಷ ಸುಖಾ ಮಲಕೊಂಡವು.

ಜಗಳ ಇದ್ದಿದ್ದಿಲ್ಲ ಅಂತಲ್ಲ.
ಜಗಳ ಮರಾಠ್ಯಾಗ, ಓಣಿಗೆಲ್ಲಾ ತಿಳೀಲಿ ಅಂತ.
ರಾಜಿ ಕನ್ನಡದಾಗ, ಮಕ್ಕಳಿಗೂ ಕೇಳಬಾರದು ಅಂತ.

ಮೊನ್ನೆ ದೀಪಾವಳಿಗೆ ಎರಡು ಡಜನ್ ಮೂರು ಕಾಣಸಾಕ ಹತ್ತಿದವಂತ.
ಸೇಠ ಬೈದ, ನಾನೂ ಬೈದೆ,
ಕೈ ಹಿಡದು ನವೀ ಪೇಠಿಗೆ ಕರಕೊಂಡು ಹೋದೆ.
ಅಂಗಡಿ ಹುಡುಗ ಕಾಜು ಒರಸಕೋತ ಸಹಜ ಕೇಳಿದ,
'ಕಾಕಾ, ಚಸ್ಮಾ ಪೈಲೇ ಸಲ ಏನ್ರಿ?'
'ಹೂಂ, ಪೈಲೇ ಸಲ' ಅಂದು
ಇವರು ನಾಲಿಗಿ ಕಡಕೊಂಡ್ರು.

ನಾ ಅಂಗಡ್ಯಾಗ ಚಕಾರ ಎತ್ತಲಿಲ್ಲ.
ಸಿಟಿ ಬಸ್ಸಿನ್ಯಾಗ ಬಾಜೂ ಕುಂತು ಮೆಲ್ಲಕ ಕೇಳಿದೆ,
'ಅವತ್ತು ನಾ ಹ್ಯಾಂಗ ಕಂಡಿದ್ದೆ?'
'ಖರೇ ಹೇಳಲಿ? ನಾಕು ಮಂದಿ ಇದ್ದಿ.
ಹೊಗಿ ಹಂಗ ಅಲಗ್ಯಾಡತಿದ್ದಿ.
ನಡುವಿನಾಕಿ ಚೊಲೋ ಅನಸಿದಳು.'
'ಮತ್ತ ಈಗ ಆ ನಡುವಿನಾಕಿ?'
'ಆಕೀನ ಹುಡುಕಲಿಕ್ಕ ತಾನ ಈ ಚಸ್ಮಾ' ಅಂದ್ರು, ಕಳ್ಳರು.
ನಾ ನಕ್ಕ ನಗಿಗೆ ಕಂಡಕ್ಟರ್
ಎರಡರ ಬದಲಿ ಮೂರು ತಿಕೀಟು ಹರದ.

ಹಂಗಂತ ನಾ ಹೋಳಿಗಿ ಮಾತು ತಗದೆನೇನು?
ಇಲ್ಲರಿ. ಒಂದು ಸುಳ್ಳರೆ ಮನ್ಯಾಗಿರಲಿ,
ಹೊತ್ತಿಗೆ ಬೇಕಾಗತದ.

ಎರಡು ಸ್ಟಾಪು ದಾಟಿರಬೇಕು.
ಇವರು ಹೊಸಾ ಚಾಳೀಸು ಮೂಗಿಗೆ ಒತ್ತಿ
ಬಸ್ಸಿನ ಕಂಬದ ಕಡೆ ನೋಡಕೋತ ಕೇಳಿದ್ರು,
'ದುಧನ್ಯಾಗ ಆ ಶಾಂತವ್ವಕ್ಕ
ಆರಾಮ ಅದಾಳಲ್ಲ?'